ಹಳದಿ ಬಣ್ಣದ ಕೆರೆ

ನೀರು ನುಗ್ಗಿದ ಹಿಂದಿನ ದಿನ ಬಿಸಿಲಿತ್ತು. ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ವಾರ ಮುಚ್ಚಿಕೊಂಡಿದ್ದ ಆಕಾಶ ಆ ಭಾನುವಾರ ತೆರೆದಿತ್ತು. ಅಕ್ಕ ಬೆಳಿಗ್ಗೆಯೇ ಕೌದಿಗಳನ್ನೆಲ್ಲ ಒಗೆದು ಮಾಳಿಗೆಯ ಗೋಡೆಗೆ ಹರವಿದಳು. ಆಮೇಲೆ ಹಿತ್ತಲಲ್ಲಿ ಕರಿಬೇವಿನ ಸಸಿ ನೆಡಲು ಗುಂಡಿ ತೋಡತೊಡಗಿದಳು. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

"ತಮ್ಮಾ, ಇಲ್ಲಿ ಬಾ. ನಿನ್ನ ಖಾಲಿ ಜಾಗದಾಗ ಏನ್ ಸಿಗಾಕತ್ತಾವ ನೋಡು."

ಅವಳ ಅಂಗೈಯಲ್ಲಿ ಉಗುರಿನಷ್ಟು ದೊಡ್ಡ ಬಸವನಹುಳದ ಚಿಪ್ಪುಗಳಿದ್ದವು. ಐದೋ ಆರೋ.

"ಮನಿ ಕಟ್ಟೂ ಮುಂದ ಉಸುಕು ತಂದಿರ್ತಾರಲ್ಲ, ಅದರ ಜೋಡಿ ಬಂದಾವು" ಎಂದೆ.

"ಉಸುಕು ಇಷ್ಟ್ ಕರ್ರಗಿರ್ತೈತೇನೋ? ಒಂದ್ ಮೊಳ ತೋಡೀನಿ, ಬರೇ ಜಿಗಟು ಮಣ್ಣು."

"ಇರ್ಲಿ ಬಿಡು. ಗಿಡಕ್ಕ ಚಲೋ."

"ದಿನಾ ಕುಂತು ಬಣ್ಣ ತುಂಬಾವ್ಗ ಮಣ್ಣಿನ ಸುದ್ದಿ ಏನ್ ಗೊತ್ತಾಕೈತಿ" ಎಂದು ನಕ್ಕು, ಚಿಪ್ಪುಗಳನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು.

ಬಣ್ಣ ತುಂಬುವುದು ಎಂದರೆ ನನ್ನ ಕೆಲಸ. ಕೊಂಡಾಪುರದ ಒಂದು ಕಚೇರಿಯಲ್ಲಿ ಉಪಗ್ರಹದ ಚಿತ್ರಗಳನ್ನು ಪರದೆಯ ಮೇಲೆ ಹರಡಿಕೊಂಡು, ಯಾವ ನೆಲ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ಗೆರೆ ಎಳೆದು ಗುರುತಿಸುತ್ತೇವೆ. ಹೊಲಕ್ಕೆ ಹಸಿರು, ನೀರಿಗೆ ನೀಲಿ, ಕಟ್ಟಡಕ್ಕೆ ಕೆಂಪು, ಖಾಲಿ ನೆಲಕ್ಕೆ ಹಳದಿ. ನಾನು ಓದಿದ್ದು ಡಿಪ್ಲೊಮಾ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ಊರು ಬಿಟ್ಟು ಈ ತೆಲುಗು ಸೀಮೆಗೆ ಬಂದು ಇಲ್ಲಿನ ರಕ್ಷಣಾ ಕಾರ್ಖಾನೆ ಸೇರಿದ್ದರು. ಅವ್ವ ಬೇಗ ಹೋದಳು. ನನ್ನನ್ನು ಬೆಳೆಸಿದ್ದು ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ನನ್ನ ಜೊತೆಗೇ ಇದ್ದಳು.

ಪಟಾನ್‌ಚೆರು ದಾಟಿದ ಮೇಲೆ ಬರುವ ಆ ಹೊಸ ಬಡಾವಣೆಯಲ್ಲಿ ಮನೆ ನೋಡಿ ಬಂದ ದಿನ ಅವಳು ಒಂದೇ ಮಾತು ಕೇಳಿದ್ದಳು: "ನಿನ್ನ ನಕ್ಷಾದಾಗ ಅಲ್ಲಿ ಮೊದಲು ಏನಿತ್ತು, ನೋಡ್ಕೊಂಡು ಬಾ." ಮರುದಿನ ಕಚೇರಿಯಲ್ಲಿ ನೋಡಿದೆ. ಆ ಭಾಗಕ್ಕೆ ಕೆಲವು ವರ್ಷಗಳ ಹಿಂದೆ ಬಣ್ಣ ತುಂಬಿದವನು ನಾನೇ. ಹಳದಿ ಇತ್ತು. "ಖಾಲಿ ಜಾಗ ಅಕ್ಕಾ, ಏನೂ ಇರಲಿಲ್ಲ" ಎಂದು ಬಂದು ಹೇಳಿದೆ. ಅವಳು ನಂಬಿದಳು.

ಸೋಮವಾರ ಮಧ್ಯಾಹ್ನ ಮಳೆ ಹಿಡಿಯಿತು. ಸಂಜೆ ಐದರ ಹೊತ್ತಿಗೆ ಕೊಂಡಾಪುರದ ರಸ್ತೆಗಳಲ್ಲೇ ಕಾರುಗಳು ತೇಲುತ್ತಿದ್ದವು. ಅಕ್ಕನ ಫೋನ್ ಬಂತು. "ನೀರು ಹೊಸ್ತಿಲಿಗೆ ಬಂದೈತಿ. ನೀ ಬರಬ್ಯಾಡ, ಅಲ್ಲೇ ಇರು. ಮಷಿನ್ ಒಂದು ಮಾಳಿಗಿಗೆ ಒಯ್ದಿಡ್ತೀನಿ." ಮಷಿನ್ ಬಿಡು, ನೀ ಹತ್ತು ಎಂದೆ. "ಹತ್ತೀನೋ" ಎಂದಳು. ಆಮೇಲೆ ಫೋನ್ ಹತ್ತಲಿಲ್ಲ. ಮೇಲಿನ ಊರಿನ ಕೆರೆ ಏರಿ ಒಡೆದಿತ್ತು ಎಂದು ನನಗೆ ತಿಳಿದದ್ದು ಮರುದಿನ. ಆ ಮಧ್ಯಾಹ್ನ ನೀರು ಇಳಿದ ಮೇಲೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ, ಒಂದು ಕಾಂಪೌಂಡ್ ಗೋಡೆಯ ಮೂಲೆಯಲ್ಲಿ ಅವಳು ಸಿಕ್ಕಳು. ಹೊಲಿಗೆ ಮಷಿನ್ ನಡುಮನೆಯಲ್ಲೇ ಮಗುಚಿ ಬಿದ್ದಿತ್ತು.

ಆ ಕೆಸರಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅದು ಮಣ್ಣಿನ ವಾಸನೆಯಲ್ಲ. ಕಾರ್ಖಾನೆಗಳ ಆಸಿಡ್ಡು, ಕಕ್ಕಸಿನ ಗುಂಡಿ, ಸತ್ತ ಹಂದಿ ಎಲ್ಲ ಕಲಸಿದಂಥದ್ದು. ಗೋಡೆಗಳ ಮೇಲೆ ಸೊಂಟದೆತ್ತರಕ್ಕೆ ಎಣ್ಣೆಯ ಪಟ್ಟೆ. ಬೀದಿಯ ತುಂಬ ಬಿಳಿ ನೊರೆ. ಅಕ್ಕನ ಕೂದಲಿನಲ್ಲಿ ಪ್ಲಾಸ್ಟಿಕ್ಕಿನ ಚೂರುಗಳು ಅಂಟಿಕೊಂಡಿದ್ದವು. ಎಷ್ಟು ತೊಳೆದರೂ ಕೆಲವು ಬಿಡಲಿಲ್ಲ. ಹಾಗೆಯೇ ಮಣ್ಣು ಮಾಡಿದೆವು. ನೊರೆಯಲ್ಲಿ ಕಾಲಿಡದೆ ದೂರದಲ್ಲೇ ನಿಂತು ಫೋಟೊ ತೆಗೆಸಿಕೊಂಡವರು, ತಮ್ಮ ಮುಖ ಅಚ್ಚು ಹಾಕಿಸಿದ ಚೀಲದಲ್ಲಿ ಅಕ್ಕಿ ಹಂಚಿದವರು, "ದೇವರ ಮುಂದೆ ಏನು ಮಾಡೋದು" ಎಂದು ಹೇಳಿ ಕಾರು ಹತ್ತಿದವರು, ಎಲ್ಲರನ್ನೂ ಕಂಡು ಹೇಸಿಗೆಯಾಯಿತು. ಅವರಲ್ಲಿ ಒಬ್ಬ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನನ್ನ ಹೆಗಲು ತಟ್ಟಿದ.

ಅಡುಗೆಮನೆಯ ಕಿಟಕಿ ನೀರಿನ ಪಟ್ಟೆಗಿಂತ ಮೇಲಿತ್ತು. ಚಿಪ್ಪುಗಳು ಇಟ್ಟಲ್ಲೇ ಇದ್ದವು. ಅವನ್ನು ಜೇಬಿಗೆ ಹಾಕಿಕೊಂಡೆ.

ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋದವನು ಮೊದಲು ಮಾಡಿದ್ದು ಒಂದೇ ಕೆಲಸ. ನಮ್ಮ ಗಣಕಯಂತ್ರದಲ್ಲಿ ಹಳೆಯ ಕಾಲದ ಸರ್ವೇ ನಕ್ಷೆಯ ಪದರ ಒಂದಿರುತ್ತದೆ. ಉಪಗ್ರಹದ ಚಿತ್ರದ ಮೇಲೆ ಅದನ್ನು ಹಾಸಿ ನೋಡಬಹುದು. ಅದನ್ನು ತೆರೆದರೆ ಯಂತ್ರ ನಿಧಾನವಾಗುತ್ತದೆ ಎಂದು ನಾವೆಲ್ಲ ಮುಚ್ಚಿಟ್ಟೇ ಕೆಲಸ ಮಾಡುತ್ತಿದ್ದೆವು. ನಾನು ಸೇರಿದ ಮೊದಲ ವಾರವೇ ಮುಚ್ಚಲು ಕಲಿತಿದ್ದೆ. ಅಂದು ತೆರೆದೆ. ನೀಲಿ ಚುಕ್ಕೆಗಳ ಒಂದು ಗೆರೆ, ಹುರುಳಿಬೀಜದ ಆಕಾರದಲ್ಲಿ, ನಮ್ಮ ಬಡಾವಣೆಯನ್ನು ಸುತ್ತಿತ್ತು. ಚುಕ್ಕೆ ಗೆರೆ ಎಂದರೆ ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಕೆರೆ. ಗೆರೆಯ ನಟ್ಟನಡುವೆ ನಮ್ಮ ಅಡುಗೆಮನೆ.

ನಾನು ಬಣ್ಣ ತುಂಬಿದ ಚಿತ್ರ ಮೇ ತಿಂಗಳಿನದು. ನಮ್ಮಲ್ಲಿ ಎಲ್ಲರೂ ಬೇಸಗೆಯ ಚಿತ್ರವನ್ನೇ ಆರಿಸುತ್ತಾರೆ, ಯಾಕೆಂದರೆ ಅದರಲ್ಲಿ ಮೋಡವಿರುವುದಿಲ್ಲ, ಕೆಲಸ ಬೇಗ ಸಾಗುತ್ತದೆ. ಮಳೆಗಾಲದ ಚಿತ್ರದಲ್ಲಿ ಅರ್ಧ ಬಿಳಿ. ಮೇ ತಿಂಗಳಿನಲ್ಲಿ ಕೆರೆ ಬತ್ತಿ ಬಿರುಕು ಬಿಟ್ಟ ನೆಲ. ನಾನು ಕಂಡದ್ದನ್ನು ಬರೆದೆ.

ನನ್ನ ಮೇಲಿನವರಿಗೆ ತೋರಿಸಿದೆ. ಅವರು ತೆಲುಗಿನವರು, ನನ್ನೊಡನೆ ಹಿಂದಿಯಲ್ಲೇ ಮಾತಾಡುತ್ತಾರೆ. ಕೆಟ್ಟವರೇನಲ್ಲ, ಅಕ್ಕನ ಮಣ್ಣಿಗೂ ಬಂದಿದ್ದರು.

"ದೇಖೋ ಭಾಯ್, ಫೋಟೊ ಮೆ ಪಾನಿ ದಿಖಾ? ನೈ ದಿಖಾ. ತುಮಾರಾ ಕಾಮ್ ಸಹಿ ಹೈ" ಎಂದರು. ಚಿತ್ರದಲ್ಲಿ ನೀರು ಕಾಣಲಿಲ್ಲ, ನಿನ್ನ ಕೆಲಸ ಸರಿಯಾಗಿದೆ ಎಂದು. ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ನಾನು ಎದ್ದು ಬಂದೆ. ಶೌಚಾಲಯಕ್ಕೆ ಹೋಗಿ ಕೈ ತೊಳೆದೆ. ಮೌಸ್ ಹಿಡಿಯುವ ಆ ಬಲಗೈಯನ್ನು ಅಂದಿನಿಂದ ಎಷ್ಟು ಸಲ ತೊಳೆದಿದ್ದೇನೋ.

ಆ ಜಾಗಕ್ಕೆ ಮತ್ತೆ ನೀಲಿ ಬಣ್ಣ ತುಂಬಿಸಬೇಕು. ಇನ್ನೊಬ್ಬ ತಮ್ಮ ನಕ್ಷೆ ನೋಡಿ ತನ್ನ ಅಕ್ಕನಿಗೆ ಖಾಲಿ ಜಾಗ ಎಂದು ಹೇಳಬಾರದು. ಅಂದಿನಿಂದ ನನಗೆ ಬೇಕಾದದ್ದು ಇಷ್ಟೇ. ಆದರೆ ಆ ನಕ್ಷೆ ನಮ್ಮ ಕಚೇರಿಯದಲ್ಲ, ಸರಕಾರಿ ಇಲಾಖೆಯೊಂದರದು. ತಿದ್ದುಪಡಿ ಬೇಕಾದರೆ ಆಧಾರಗಳೊಂದಿಗೆ ಅರ್ಜಿ ಹಾಕಬೇಕು.

ಕೆಲಸ ಮುಗಿದ ಮೇಲೆ ಕೂತು ಹಳೆಯ ಮಳೆಗಾಲದ ಚಿತ್ರಗಳನ್ನು ಒಂದೊಂದಾಗಿ ತೆಗೆದೆ. ಒಂದರಲ್ಲಿ ಕೆರೆಯ ಪೂರ್ವದ ದಂಡೆಯಷ್ಟೇ ಕಾಣುತ್ತದೆ, ಉಳಿದದ್ದು ಮೋಡ. ಇನ್ನೊಂದರಲ್ಲಿ ನಡುವಿನ ಒಂದು ತುಂಡು ನೀರು. ಮತ್ತೊಂದರಲ್ಲಿ ತೂಬಿನ ಹತ್ತಿರದ ಮೂಲೆ. ಅಕ್ಕ ಹಳೆ ಸೀರೆಗಳ ಚಿಂದಿ ಜೋಡಿಸಿ ಕೌದಿ ಹೊಲಿಯುವುದನ್ನು ನೋಡುತ್ತ ಬೆಳೆದವನು ನಾನು. ಹಾಗೆಯೇ ಜೋಡಿಸಿದೆ. ಇಡೀ ಕೆರೆ ಬಂತು. ಆಮೇಲೆ ವರ್ಷದಿಂದ ವರ್ಷಕ್ಕೆ ಅದು ಸಾಯುವುದೂ ಕಾಣಿಸಿತು. ರಸ್ತೆಯ ಕಡೆಯಿಂದ ಬೂದು ಬಣ್ಣದ ಒಂದು ನಾಲಿಗೆ ಒಳಕ್ಕೆ ಚಾಚುತ್ತದೆ. ಲಾರಿಗಳು ತಂದು ಸುರಿದ ಕಟ್ಟಡದ ಕಸ ಅದು. ಮರುವರ್ಷ ಇನ್ನೂ ಉದ್ದ. ಅದರ ಮೇಲೆ ಚೌಕಗಳು. ಆ ವರ್ಷಗಳಲ್ಲೆಲ್ಲ ನಾನು ಅದೇ ಕುರ್ಚಿಯಲ್ಲಿ ಕೂತಿದ್ದೆ.

ಮೋಡದ ಒಳಗಿಂದಲೂ ನೆಲವನ್ನು ನೋಡುವ ರಾಡಾರ್ ಚಿತ್ರಗಳೂ ಇವೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆಗಲೂ ತೆಗೆದುಕೊಳ್ಳಬಹುದಿತ್ತು. ಅವುಗಳಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ಮಳೆಯ ಮರುದಿನ ಬೆಳಗಿನ ಒಂದು ಚಿತ್ರ ಸಿಕ್ಕಿತು. ಕಪ್ಪು ಹಳೆಯ ಚುಕ್ಕೆ ಗೆರೆಯವರೆಗೆ ಬಂದು ನಿಂತಿತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಳಗೆ ಮನೆಗಳು ಬಿಳಿ ಚುಕ್ಕೆಗಳಾಗಿ ಕಾಣುತ್ತಿದ್ದವು. ಆ ಚಿತ್ರ ತೆಗೆದಾಗ ಅಕ್ಕ ಇನ್ನೂ ಸಿಕ್ಕಿರಲಿಲ್ಲ. ಆ ಕಪ್ಪಿನೊಳಗೇ ಇದ್ದಳು.

ಎಲ್ಲವನ್ನೂ ಮುದ್ರಿಸಿ ಅರ್ಜಿಯ ಜೊತೆ ಕೊಟ್ಟೆ. ಸ್ಥಳ ಪರಿಶೀಲನೆ ಮಾಡುತ್ತೇವೆ ಎಂದು ಉತ್ತರ ಬಂತು. ಪರಿಶೀಲನೆಗೆ ಇಬ್ಬರು ಬಂದದ್ದು ಮೇ ತಿಂಗಳಿನಲ್ಲಿ, ಒಂದು ಮೋಟಾರ್ ಬೈಕಿನ ಮೇಲೆ. ನಮ್ಮ ಮನೆಯ ನೆರಳಿನಲ್ಲಿ ನಿಂತು ನೀರು ಕೇಳಿದರು. ಕೊಟ್ಟೆ.

"ಚೆರುವು ಎಕ್ಕಡ ಅಣ್ಣಾ?" ಎಂದ ಒಬ್ಬ. ಕೆರೆ ಎಲ್ಲಿ ಎಂದು.

"ನೀವು ನಿಂತಿರುವುದೇ ಕೆರೆಯೊಳಗೆ" ಎಂದೆ ತೆಲುಗಿನಲ್ಲಿ.

ಅವನು ಕಾಲ ಕೆಳಗೆ ನೋಡಿಕೊಂಡು ನಕ್ಕ. "ಚೆಪ್ಪುಲು ತಡವಲೇದೇ" ಎಂದ. ಚಪ್ಪಲಿ ಒದ್ದೆಯಾಗಲಿಲ್ಲವಲ್ಲ ಎಂದು. ಇನ್ನೊಬ್ಬನೂ ನಕ್ಕ. ಚಿಪ್ಪುಗಳನ್ನು ತೋರಿಸಿದೆ. ಎಲ್ಲಿಯದೋ ಉಸುಕಿನ ಜೊತೆ ಬಂದಿರುತ್ತವೆ ಎಂದ. ನಾನು ಅಕ್ಕನಿಗೆ ಹೇಳಿದ ಮಾತೇ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಾಯಲ್ಲಿ ಕಹಿ ನೀರು ಬಂತು, ಒಳಗೆ ಹೋಗಿ ಉಗಿದೆ.

ಅವರು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡು ಹೋದರು. ಒಣ ನೆಲ, ಮನೆಗಳು, ನೀರಿನ ಕುರುಹಿಲ್ಲ ಎಂದು ವರದಿಯಾಯಿತು. ಹೊಸ ನಕ್ಷೆ ಬಂದಾಗ ನಮ್ಮ ಬಡಾವಣೆಯ ಅರ್ಧ ಹಳದಿಯಿಂದ ಕೆಂಪಾಗಿತ್ತು. ಉಳಿದರ್ಧ ಹಳದಿಯೇ ಇತ್ತು. ಆ ಹಳದಿಯ ಒಂದು ಮೂಲೆಯಲ್ಲಿ ಈಗ ಪಾಯ ತೋಡುತ್ತಿದ್ದಾರೆ, ಕರಿ ಮಣ್ಣು ಗುಡ್ಡೆ ಬಿದ್ದಿದೆ. ಹೋದ ವಾರ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಬಂದು ನೋಡಿದಳು. ಅಡುಗೆಮನೆ ಎಲ್ಲಿ ಬರುತ್ತದೆ ಎಂದು ಮೇಸ್ತ್ರಿಯನ್ನು ಕೇಳುತ್ತಿದ್ದಳು. ಹತ್ತಿರ ಹೋಗಿ ಇದು ಕೆರೆ ಎಂದೆ. ಅವಳ ಗಂಡ ಮೊಬೈಲ್ ತೆಗೆದು ನಕ್ಷೆ ತೋರಿಸಿದ. ಹಳದಿ ಇತ್ತು.

ಅರ್ಜಿ ಮತ್ತೆ ಹಾಕಿದ್ದೇನೆ. ಈಗ ಮಳೆಗಾಲ, ಮೋಡವಿರುವಾಗ ಪರಿಶೀಲನೆ ಆಗುವುದಿಲ್ಲ, ಬೇಸಗೆಯಲ್ಲಿ ಬರುತ್ತೇವೆ ಎಂದಿದ್ದಾರೆ.

ನಕ್ಷೆಯಲ್ಲಿ ಆ ಕೆರೆ ಇನ್ನೂ ಇಲ್ಲ.