ಕಣದಾಗ ತಿರುಗಿದ ಬಸ್ಸು

ಊರಿಗೆ ಬಸ್ಸು ಬರಬೇಕಾದರೆ ರಸ್ತೆಯಷ್ಟೇ ಅಲ್ಲ, ಬಂದ ಬಸ್ಸು ಹೊಳ್ಳಿ ಹೋಗಲು ಜಾಗವೂ ಬೇಕು. ಈ ಸಣ್ಣ ಸಂಗತಿ ನನಗೆ ತಿಳಿದದ್ದು ಎಂಬತ್ತರ ದಶಕದಲ್ಲಿ, ಡಿಪೋದ ಸಾಹೇಬರೊಬ್ಬರು ನಮ್ಮೂರ ಅಗಸಿ ಬಾಗಿಲ ಹತ್ತಿರ ನಿಂತು ಸುತ್ತಲೂ ನೋಡಿದ ದಿನ.

ನಮ್ಮೂರು ಕುಬಿಹಾಳದಿಂದ ಮುಂದೆ, ಎರೆ ಭೂಮಿಯ ನಡುವೆ ಇದೆ. ಆಗ ಕುಂದಗೋಳದ ಬಸ್ಸು ಕ್ರಾಸ್‌ವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಊರಿಗೆ ನಡಿಗೆ. ಮಳೆಗಾಲದಲ್ಲಿ ಆ ದಾರಿ ತುಳಿದವನ ಕಾಲಿಗೆ ಅರ್ಧ ಹೊಲವೇ ಅಂಟಿಕೊಂಡು ಬರುತ್ತಿತ್ತು. ಆ ವರ್ಷ ಊರ ಮಂದಿ ತಾವೇ ಚಕ್ಕಡಿ ಕಟ್ಟಿ ಗಟ್ಟಿ ಗರಸು ಮಣ್ಣು ತಂದು ದಾರಿಗೆ ಹಾಕಿದ್ದರು. ಸಾಹೇಬರು ದಾರಿ ನೋಡಿ ಒಪ್ಪಿದರು.

“ದಾರಿ ಆತ್ರಿ. ಗಾಡಿ ಎಲ್ಲಿ ತಿರಗಸೂದು?” ಎಂದರು.

ಅದನ್ನು ಯಾರೂ ಯೋಚಿಸಿರಲಿಲ್ಲ. ಗುಡಿಯ ಮುಂದೆ ಬೇವಿನ ಕಟ್ಟೆ ಇತ್ತು, ಕನ್ನಡ ಸಾಲಿಯ ಮುಂದೆ ತಗ್ಗು. ಎಲ್ಲರ ಕಣ್ಣು ಊರ ಬಾಯಲ್ಲೇ ಇದ್ದ ನಮ್ಮ ಕಣದ ಮೇಲೆ ಹೋಯಿತು. ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವ ಗಟ್ಟಿ, ಸಮತಟ್ಟಾದ ನೆಲ. ಸಾಹೇಬರು ಅತ್ತ ಹೆಜ್ಜೆ ಹಾಕಿದರು. ನಾನು ಅಡ್ಡ ಬಂದೆ.

“ಕಣದಾಗ ನಾವು ಚಪ್ಪಲಿ ಮೆಟಗೊಂಡು ಅಡ್ಡಾಡಂಗಿಲ್ರಿ ಸಾಹೇಬ್ರ. ಅಲ್ಲಿ ಬಸ್ ಹೆಂಗ ಬಿಡೂದು?”

ಬಾಜೂ ಮನೆಯ ಕಾಕಾ ಬೀಡಿ ಸೇದುತ್ತ ಕುಳಿತವನು, “ಬಸ್ಸಿಗೆ ಚಪ್ಪಲಿ ಎಲ್ಲಿ ಇರತಾವಲೇ ತಮ್ಮಾ? ಅದು ಬರಿಗಾಲೀಲೇ ಬರತೈತಿ” ಎಂದ. ಮಂದಿ ನಕ್ಕರು. ಆದರೆ ಕಣದ ಮಾತಿಗೆ ಎದುರು ಮಾತಾಡುವುದು ನಮ್ಮಲ್ಲಿ ಸುಲಭವಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ. ಸಾಹೇಬರು, “ಇದು ನಿಮ್ಮ ಭಕ್ತಿ ಮಾತು, ನಾ ಏನ ಅನ್ನಂಗಿಲ್ಲ” ಎಂದು ಜೀಪು ಹತ್ತಿದರು.

ರಾತ್ರಿ ಊಟಕ್ಕೆ ಬಡಿಸುವಾಗ ಹೆಂಡತಿ ಕೇಳಿದಳು: “ಸುಗ್ಗಿ ಮುಗದ ಮ್ಯಾಲೆ ನಿಮ್ಮ ಕಾರು ಎಲ್ಲಿ ನಿಲ್ಲತೈತ್ರಿ?”

ಅದು ಕಣದಲ್ಲೇ ನಿಲ್ಲುತ್ತಿತ್ತು. ನಾನು ರೊಟ್ಟಿ ಮುರಿಯುತ್ತ ಕುಳಿತೆ.

ಇಡೀ ಊರಿಗೆ ಅದೊಂದೇ ಕಾರು. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಬಿಳಿ ಕಾರು, ಎರಡು ಸಲ ಬಡಿದರೆ ಬಾಗಿಲು ಮುಚ್ಚುತ್ತಿತ್ತು. ಹೆರಿಗೆ ಇರಲಿ, ಹಾವು ಕಚ್ಚಲಿ, ಬೀಗರನ್ನು ಕರೆತರಬೇಕಿರಲಿ, ಊರು ನನ್ನ ಅಂಗಳಕ್ಕೇ ಬರಬೇಕಿತ್ತು. ಬಂದವರು ಚಪ್ಪಲಿ ಹೊರಗೆ ಬಿಟ್ಟು, “ಸಾವಕಾರ್ರ, ಒಂದ ಸ್ವಲ್ಪ ಗಾಡಿ…” ಎಂದು ಮಾತು ಅರ್ಧಕ್ಕೇ ನಿಲ್ಲಿಸಿ ನಿಲ್ಲುತ್ತಿದ್ದರು. ನಾನು ಯಾರಿಗೂ ಇಲ್ಲ ಎಂದವನಲ್ಲ. ಆದರೆ ಆ ಅರ್ಧ ಮಾತಿನ ರುಚಿ ನನಗೆ ಹತ್ತಿತ್ತು. ಬಸ್ಸು ಬಂದರೆ ಅಂಗಳದಲ್ಲಿ ಯಾರು ನಿಲ್ಲುತ್ತಾರೆ? ನಾನು ಕಣವನ್ನು ಕಾಯ್ದದ್ದು ಇದಕ್ಕೆ. ಮೆಟ್ರಿಕ್ ಓದಿದ ಬುದ್ಧಿಯನ್ನು ನಾನು ಹೀಗೆ ಬಳಸಿದೆ.

ಹೀಗೆ ಕೇಳಿ ನಿಲ್ಲುವವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ಅವಳ ಅಕ್ಕ ಕುಬಿಹಾಳದಲ್ಲಿದ್ದಳು. ಲಕ್ವಾ ಹೊಡೆದು ಒಂದು ಮಗ್ಗುಲು ಬಿದ್ದಿತ್ತು, ಮಾತು ಮಾತ್ರ ಸರಿಯಿತ್ತು. ಅವರ ಅವ್ವ ತೀರಿಕೊಂಡಾಗ ನನ್ನ ಹೆಂಡತಿ ಕೂಸು. ಬೆಳೆಸಿದವಳು ಆ ಅಕ್ಕ. ಕಾರು ಇದ್ದ ಮನೆಯ ಸೊಸೆ ಕ್ರಾಸ್‌ವರೆಗೆ ನಡೆದು ಹೋಗುವುದು ನನಗೆ ಸೇರುತ್ತಿರಲಿಲ್ಲ. ಆದ್ದರಿಂದ ಅಕ್ಕನನ್ನು ನೋಡಬೇಕಾದರೆ ಅವಳು ನನ್ನ ಬಿಡುವು ಕಾಯಬೇಕು. ಕರೆದುಕೊಂಡು ಹೋದರೂ ನಾನು ಒಳಗೆ ಹೋಗುತ್ತಿರಲಿಲ್ಲ. ಕಾರಿನಲ್ಲೇ ಕುಳಿತು, ಬೇಸರ ಬಂದ ಕೂಡಲೇ ಹಾರ್ನ್ ಒತ್ತುತ್ತಿದ್ದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬರುತ್ತಿದ್ದಳು. ಒಳಗೆ ಅಕ್ಕತಂಗಿಯರು ಏನು ಮಾತಾಡುತ್ತಿದ್ದರು ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಸಾಹೇಬರು ಹೋದ ಮೇಲೆ ಒಂದು ಸುಗ್ಗಿ ಕಳೆಯಿತು. ಅವಳು ಎರಡು ಮೂರು ಸಲ ಕುಬಿಹಾಳದ ಮಾತು ತೆಗೆದಳು. ನಾನು ಒಮ್ಮೆ ಹತ್ತಿಯ ಕೆಲಸ ಅಂದೆ, ಒಮ್ಮೆ ಮೆಣಸಿನಕಾಯಿಯ ಕೆಲಸ ಅಂದೆ. ಮಳೆ ಹಿಡಿದ ಮೇಲೆ ಒಂದು ಮುಂಜಾನೆ ಅಲ್ಲಿಂದ ಒಬ್ಬ ನಡೆದು ಬಂದು, ಅಕ್ಕನಿಗೆ ಮತ್ತೆ ಲಕ್ವಾ ಹೊಡೆದಿದೆ ಎಂದ. ಕಾರು ತೆಗೆದೆ. ಗರಸು ಹಾಕಿದ ದಾರಿಯಲ್ಲಿ ನೆಟ್ಟಗೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಎದುರು ಬಂದ ಚಕ್ಕಡಿಗಾಗಿ ಕಾರು ಹಿಂದೆ ಸರಿಸಲು ಮನಸ್ಸಿಲ್ಲದೆ ಬಾಜೂ ಹೊಲಕ್ಕೆ ಇಳಿಸಿದೆ. ಎರೆ ಮಣ್ಣು ಗಾಲಿಯನ್ನು ಅರ್ಧಕ್ಕೆ ನುಂಗಿತು. ನಾವಿಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಕ್ರಾಸ್‌ಗೆ ನಡೆದೆವು.

ಸಾಲಿ ಬಿಟ್ಟ ಮೇಲೆ ನಾನು ಹತ್ತಿದ ಮೊದಲ ಬಸ್ಸು ಅದು. ಕೆಸರಿನ ನನ್ನ ಕಾಲು ನೋಡಿ ಕಂಡಕ್ಟರ್, “ಸಾವಕಾರ್ರ, ಇವತ್ತ ನಮ್ಮ ಗಾಡಿ ನೆನಪಾತೇನ್ರಿ?” ಎಂದು ನಕ್ಕು ಟಿಕೀಟು ಹರಿದ. ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಹೋಗುವ ಕೆಲಸ ದುಃಖದ್ದಾದರೂ ನನ್ನ ಕಣ್ಣು ಸುಮ್ಮನಿರಲಿಲ್ಲ. ಹೊಲದ ನಡುವೆ ಕೋಳಿ ಬಗಲಲ್ಲಿ ಇಟ್ಟುಕೊಂಡ ಮುದುಕಿ ಕೈ ಮಾಡಿದರೆ ಬಸ್ಸು ನಿಂತಿತು. ಕಂಡಕ್ಟರ್ ಒಬ್ಬನ ಕೈಗೆ ಔಷಧದ ಬಾಟಲಿ ಕೊಟ್ಟ, ಇನ್ನೊಬ್ಬನಿಗೆ “ದರ್ಜಿ ನಿನ್ನ ಅಂಗಿ ಹೊಲಿದ ಇಟ್ಟಾನಂತ, ಒಯ್ಯಿ” ಎಂದ. ಕಾರಿನ ಗಾಜಿನಿಂದ ನಾನು ಇವರನ್ನೆಲ್ಲ ನೋಡಿದ್ದೆ, ಧೂಳಿನಲ್ಲಿ ಬಾಜೂ ಸರಿದು ನಿಲ್ಲುವ ಮಂದಿಯಾಗಿ ಮಾತ್ರ.

ಮುಂದೆ ಹೆಣ್ಣುಮಕ್ಕಳ ಸೀಟಿನಲ್ಲಿ ಕೋಳಿಯ ಮುದುಕಿ ನನ್ನ ಹೆಂಡತಿಯ ಮಗ್ಗುಲಿಗೆ ಕುಳಿತಳು.

“ಎಲ್ಲಿಗೆ ಹೊಂಟೀಯವ್ವಾ? ಯಾಕ ಅಳತಿ?”

ನನ್ನ ಹೆಂಡತಿ ನನ್ನೆದುರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗುರುತಿಲ್ಲದ ಆ ಮುದುಕಿಗೆ ಎಲ್ಲವನ್ನೂ ಹೇಳಿದಳು.

“ನಮ್ಮವ್ವನ ಮಾರಿ ನನಗ ನೆನಪಿಲ್ಲಬೇ. ಅಕ್ಕಗ ಮಾತ್ರ ನೆನಪೈತಿ. ಹೋದಾಗೊಮ್ಮೆ ಒಂದೊಂದ ಹೇಳತಿದ್ಲು. ಅವ್ವ ಒಮ್ಮೆ ಯಾರಿಗೂ ಹೇಳದ ನನ್ನ ಬಗಲಾಗ ಹೊತಗೊಂಡು, ಅಕ್ಕನ ಕೈ ಹಿಡಕೊಂಡು ಕುಂದಗೋಳ ಸ್ಟೇಶನ್ನಿಗೆ ನಡಕೋತ ಹೋಗಿದ್ಲಂತ. ರೈಲ್ವೆ ಟಿಕೀಟೂ ತಗಸಿದ್ಲಂತ.”

“ಅಯ್ಯ ನನ್ನವ್ವಾ, ಆ ಕಾಲದಾಗ ಒಬ್ಬಾಕಿನ? ಎಲ್ಲಿಗೆ?”

“ಅದನ್ನ ಹೇಳಾಕ ಬಾಯಿ ತಗದಿದ್ಲು. ಅಷ್ಟರಾಗ ಹೊರಗ ಹಾರ್ನ್ ಆತು. ಮುಂದಿನ ಸರತಿ ಕೇಳತೇನಿ ಅಂತ ಎದ್ದು ಬಂದೆ.”

ಮುದುಕಿ, “ಅಂಥಾ ಗಡಿಬಿಡಿ ಯಾರದಿತ್ತ?” ಎಂದಳು. ನನ್ನ ಹೆಂಡತಿ ಹಿಂತಿರುಗಿ ನೋಡಲಿಲ್ಲ. ಮುದುಕಿ ಮಾತ್ರ ಒಮ್ಮೆ ಹೊರಳಿ ನನ್ನನ್ನು ನೋಡಿದಳು. ಕೋಳಿಯೂ ನೋಡಿತು.

ಕುಬಿಹಾಳದಲ್ಲಿ ಅಂದು ಮೊದಲ ಸಲ ನಾನು ಒಳಗೆ ಹೋದೆ. ಅಕ್ಕ ಬದುಕಿದ್ದಳು, ಗುರುತು ಹಿಡಿದಳು. ಮಾತು ಹೋಗಿತ್ತು. ಒಂದೇ ಶಬ್ದ ಉಳಿದಿತ್ತು: “ಬಾ.” ನೀರು ಬೇಕೇ ಎಂದರೂ ಬಾ, ನೋಯುತ್ತದೆಯೇ ಎಂದರೂ ಬಾ. ಹೆಂಡತಿ ಅವಳ ಕಿವಿಯ ಹತ್ತಿರ ಬಾಗಿ, “ಅಕ್ಕಾ, ಅವ್ವ ಎಲ್ಲಿಗೆ ಹೊಂಟಿದ್ಲಬೇ?” ಎಂದಳು. ಅಕ್ಕನ ಕಣ್ಣಲ್ಲಿ ಉತ್ತರ ಇದ್ದದ್ದು ಕಂಡಿತು. ಬಾಯಿಂದ ಬಂದದ್ದು “ಬಾ, ಬಾ” ಮಾತ್ರ.

ಮುಂದಿನ ವಾರ ನಾನೇ ಡಿಪೋಗೆ ಹೋಗಿ, ಬಸ್ಸು ನಮ್ಮ ಕಣದಲ್ಲೇ ತಿರುಗಲಿ ಎಂದೆ. ಸಾಹೇಬರು ನನ್ನನ್ನು ಮರೆತಿರಲಿಲ್ಲ.

“ಚಪ್ಪಲಿ ಹಾಕಂಗಿಲ್ಲ ಅಂದಿದ್ರಿ?”

“ಸುಳ್ಳಲ್ರಿ. ಆದರ ಅಲ್ಲೇ ನನ್ನ ಕಾರು ನಿಲ್ಲಸತಿದ್ದೆ.”

ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು.

ಬಸ್ಸು ಬಂದ ದಿನ ಡ್ರೈವರ್ ಕಣದಲ್ಲಿ ದೊಡ್ಡ ಸುತ್ತು ಹೊಡೆದ. ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ತಿರುಗಿಸುವುದಕ್ಕೆ ನಮ್ಮಲ್ಲಿ ಹಂತಿ ಎನ್ನುತ್ತಾರೆ. ಕಾಕಾ ಬಾಯಿಂದ ಬೀಡಿ ತೆಗೆದು, “ಹಂತಿ ಚಲೋ ಹೂಡ್ಯಾರಲೇ, ಮೇವು ಕೇಳಂಗಿಲ್ಲ” ಎಂದ. ಸುಗ್ಗಿಗೆ ಊರಾಚೆಯ ಹೊಲದಲ್ಲಿ ಬೇರೆ ಕಣ ಮಾಡಿಕೊಂಡೆ. ಕಾರು ಹಿತ್ತಲಿಗೆ ಹೋಯಿತು. ಅಂಗಳಕ್ಕೆ ಕೇಳಿಕೊಂಡು ಬರುವವರು ಕಡಿಮೆಯಾದರು. ಸುಮ್ಮನೆ ಮಾತಾಡಲು ಬರುವವರೂ ಇದ್ದಾರೆಂದು ಆಗಲೇ ನನಗೆ ಗೊತ್ತಾದದ್ದು.

ಹೆಂಡತಿ ವಾರಕ್ಕೊಮ್ಮೆ ಒಬ್ಬಳೇ ಕುಬಿಹಾಳಕ್ಕೆ ಹೋಗತೊಡಗಿದಳು. ಕಣದಲ್ಲಿ ಬಸ್ಸು ಹಾರ್ನ್ ಹೊಡೆದರೆ ಒಳಗಿನಿಂದಲೇ “ಬಂದೆ, ನಿಲ್ಲಸ್ರಿ” ಎನ್ನುತ್ತಿದ್ದಳು. ಅವರು ನಿಲ್ಲಿಸುತ್ತಿದ್ದರು. ಇಡೀ ದಿನ ಅಕ್ಕನ ಹತ್ತಿರ ಕುಳಿತು ಬರುತ್ತಿದ್ದಳು.

ಒಂದು ಸಲ ಕಂಡಕ್ಟರ್ ಹೇಳಿದ: “ನಿಮ್ಮ ಮನಿಯವರು ಈಗೀಗ ಕುಬಿಹಾಳದಾಗ ಇಳಿಯಂಗಿಲ್ರಿ. ಮೊದಲ ಕುಂದಗೋಳಕ್ಕ ಹೋಗಿ, ಹೊಳ್ಳಿ ಬರುವಾಗ ಇಳೀತಾರು.” ಕೇಳಿದರೆ ಹೇಳುತ್ತಿದ್ದಳೇನೋ. ಕೇಳುವ ಧೈರ್ಯವಾಗದೆ ನಾನು ಮರುವಾರ ಅವಳ ಬಸ್ಸಿನ ನಂತರದ ಬಸ್ಸು ಹಿಡಿದು ಕುಂದಗೋಳಕ್ಕೆ ಹೋದೆ.

ಅವಳು ರೈಲ್ವೆ ಸ್ಟೇಶನ್ನಿನ ಕಲ್ಲು ಬೆಂಚಿನ ಮೇಲೆ ಬುತ್ತಿಗಂಟು ಮಗ್ಗುಲಿಗೆ ಇಟ್ಟುಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಗಡಿಬಿಡಿಯಿಂದ ಏಳಹೋದಳು. ಹಾರ್ನಿಗೆ ಎದ್ದು ಬರುತ್ತಿದ್ದ ಹಾಗೆಯೇ.

“ಕುಂದರು, ಕುಂದರು” ಎಂದು ನಾನೂ ಕುಳಿತೆ.

ಅವಳು ಹಳಿಯ ಎರಡೂ ಕಡೆ ಕೈ ತೋರಿಸಿದಳು: “ಈ ಕಡೆ ಹುಬ್ಬಳ್ಳಿ, ಆ ಕಡೆ ಹಾವೇರಿ. ಅವ್ವ ಯಾ ಕಡೆ ಹೊಂಟಿರಬೇಕ್ರಿ?”

ನನಗೆ ಏನು ಗೊತ್ತು? ಗೊತ್ತಿದ್ದವಳ ಬಾಯಿ ನಾನೇ ಮುಚ್ಚಿಸಿದ್ದೆ. ಹಾಗೆ ಅವಳಿಗೆ ಹೇಳಿದೆ.

ಎದ್ದು ಹೋಗಿ ಎರಡು ಟಿಕೀಟು ತಂದೆ.

“ಎಲ್ಲಿಗ್ರಿ?”

“ಮುಂದಿನ ಸ್ಟೇಶನ್ನಿಗೆ. ಸಂಶಿಗೆ. ಅಲ್ಲಿ ಇಳದು ನೋಡೂಣು.”

“ಅವ್ವ ಆ ಕಡೆ ಹೋಗಿರದಿದ್ರ?”

“ಹುಬ್ಬಳ್ಳಿ ಕಡೆ ಮುಂದಿನ ವಾರ ಹೋಗೂಣು.”

ಅವಳು ಬುತ್ತಿಗಂಟು ಎತ್ತಿಕೊಂಡಳು. ರೈಲು ಬಂದಾಗ ಮೊದಲು ಅವಳೇ ಹತ್ತಿದಳು. ಬಾಗಿಲಲ್ಲಿ ನಿಂತು, ಮೆಟ್ಟಿಲು ಹುಡುಕುತ್ತಿದ್ದ ನನ್ನ ಕಡೆ ಕೈ ಚಾಚಿ, “ಬರ್ರಿ” ಎಂದಳು.