ಬನೂಬ್ ಮಾಮ ಮೂರೇ ರೊಟ್ಟಿ ಬೇಯಿಸಿದ ಭಾನುವಾರ

ನೈಲ್ ದಡದ ಮಿನ್ಯಾ ಊರಿನ ನಮ್ಮ ಬೀದಿಯಲ್ಲಿ ಬನೂಬ್ ಮಾಮನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ನಾಯಿ ಕಂಡರೆ ಬೀದಿ ಬದಲಿಸುತ್ತಿದ್ದ. ನದಿ ದಾಟುವಾಗ ದೋಣಿಯ ನಟ್ಟನಡುವೆ ಕೂತು ಎರಡೂ ಪಕ್ಕದವರ ಅಂಗಿ ಹಿಡಿದುಕೊಳ್ಳುತ್ತಿದ್ದ. ಒಮ್ಮೆ ಹಲ್ಲು ಕೀಳಿಸಲು ಹೋದವನು ಇಕ್ಕಳ ನೋಡಿದ್ದೇ ತಡ, "ನೋವು ತಾನಾಗೇ ಹೋಯ್ತು ಡಾಕ್ಟ್ರೇ" ಎಂದು ಎದ್ದು ಬಂದು, ಆರು ತಿಂಗಳು ಒಂದೇ ದವಡೆಯಲ್ಲಿ ಅಗಿದ.

ಇಂಥವನ ಕೈಯಲ್ಲಿತ್ತು ನಮ್ಮ ಚರ್ಚಿನ ಕುರ್ಬಾನ್, ಅಂದರೆ ಪೂಜೆಯ ರೊಟ್ಟಿ. ಅಂಗಳದ ಮೂಲೆಯ ಒಲೆಮನೆಯನ್ನು ನಾವು ಬೆತ್ಲೆಹೇಮ್ ಎಂದು ಕರೆಯುತ್ತೇವೆ. ಭಾನುವಾರ ಬೆಳಕು ಹರಿಯುತ್ತಲೇ ಮಾಮ ಅಲ್ಲಿ ಖಾಲಿ ಹೊಟ್ಟೆಯಲ್ಲಿ, ಕೀರ್ತನೆ ಹಾಡುತ್ತಾ ಹಿಟ್ಟು ನಾದಿ, ಮರದ ಅಚ್ಚಿನಿಂದ ಶಿಲುಬೆ ಒತ್ತಿ, ಐದು ತೂತು ಚುಚ್ಚಿ ಬೇಯಿಸುತ್ತಿದ್ದ. ರೊಟ್ಟಿಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಅವುಗಳಲ್ಲಿ ಚೆನ್ನಾಗಿರುವ ಒಂದನ್ನು ಪಾದ್ರಿಗಳು ಆರಿಸಿ ಪೀಠಕ್ಕೆ ಒಯ್ಯುತ್ತಾರೆ, ಉಳಿದವನ್ನು ಕೊನೆಯಲ್ಲಿ ಆಶೀರ್ವಾದವೆಂದು ಜನರ ಕೈಗೆ ಕೊಡುತ್ತಾರೆ. ಮಾಮ ವಾರವಾರವೂ ತೊಂಬತ್ತೊಂಬತ್ತು ಮಾಡುತ್ತಿದ್ದ. ಅದರಲ್ಲಿ ಹತ್ತಾದರೂ ಸೀದಿರುತ್ತಿದ್ದವು.

ಆ ವರ್ಷ ಪಕ್ಕದ ಊರಿನ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಸತ್ತವರಲ್ಲಿ ಮಾಮನ ಸೋದರತ್ತೆಯ ಮಗನೂ ಇದ್ದ. ಹೂಳಿ ಬಂದ ದಿನ ಮಾಮ ನಮ್ಮ ಪಾದ್ರಿ ಅಬೂನಾ ಬಾಖೂಮ್ ಅವರ ಮುಂದೆ ಒಲೆಮನೆಯ ಕೀಲಿಕೈ ಇಟ್ಟುಬಿಟ್ಟ. ನಾನೂ ಅಲ್ಲೇ ಇದ್ದೆ.

"ಅಬೂನಾ, ನನ್ನ ಕೈಲಾಗಲ್ಲ. ಭಯ ಒಂದು ಕಡೆ. ಅದಕ್ಕಿಂತ ಕೆಟ್ಟದ್ದು ಅನುಮಾನ. ದೇವರು ನೋಡ್ತಾ ಇದ್ದಿದ್ರೆ ಅವತ್ತು ಎಲ್ಲಿದ್ದ?"

ಅಬೂನಾ ಬೈಯುತ್ತಾರೆ ಎಂದುಕೊಂಡೆ. ಅವರು ಗಡ್ಡ ಕೆರೆದುಕೊಂಡರು.

"ನಾನೂ ಮೂರು ದಿನದಿಂದ ಅವನನ್ನ ಅದನ್ನೇ ಕೇಳ್ತಾ ಇದೀನಿ, ಬನೂಬ್. ಇನ್ನೂ ಉತ್ತರ ಬಂದಿಲ್ಲ. ಹಾಗಂತ ಭಾನುವಾರ ನಿಲ್ಲುತ್ತಾ? ಅನುಮಾನ ಇಟ್ಕೊಂಡೇ ನಾದು. ಹಿಟ್ಟಿಗೇನು ಗೊತ್ತಾಗುತ್ತೆ?"

ಮಾಮ ಕೀಲಿಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಒಪ್ಪಿಕೊಂಡದ್ದಕ್ಕಲ್ಲ, ಬೇಡ ಎನ್ನಲು ಹೆದರಿದ್ದಕ್ಕೆ.

ಶನಿವಾರ ಸಂಜೆ ಅವನ ಹೆಂಡತಿ ಇನ್ಸಾಫ್ ಅತ್ತೆ ಹಿಟ್ಟು ಜರಡಿ ಹಿಡಿಯಲು ಕೂತಳು.

"ಎಷ್ಟು ರೀ?"

"ಮೂರು ರೊಟ್ಟಿಗೆ ಸಾಕು. ನಾಳೆ ಯಾವ ನರಪಿಳ್ಳೆ ಬರುತ್ತೆ?"

"ನಾನು ಬರ್ತೀನಿ."

"ನೀನ್ಯಾಕೆ ಬರ್ತೀಯೆ?"

"ನೀವೊಬ್ಬರೇ ಸ್ವರ್ಗಕ್ಕೆ ಹೋದ್ರೆ ಅಲ್ಲಿ ನಿಮ್ಮ ಕಾಲುಚೀಲ ಹುಡುಕಿಕೊಡೋರು ಯಾರು?"

ಬೆಳಿಗ್ಗೆ ಚರ್ಚು ತಪ್ಪಿಸಲು ನಾನೂ ಹೊದಿಕೆಯೊಳಗೆ ಕೆಮ್ಮು ಬರಿಸಿಕೊಳ್ಳಲು ನೋಡಿದೆ. ಬರಲಿಲ್ಲ, ಎದ್ದು ಹೋದೆ. ಚರ್ಚು ಖಾಲಿ ಇರುತ್ತದೆಂದೇ ನನ್ನ ಎಣಿಕೆ. ಹೋಗಿ ನೋಡಿದರೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ! ವರ್ಷಕ್ಕೊಮ್ಮೆ ಈಸ್ಟರಿಗೆ ಮಾತ್ರ ಮುಖ ತೋರಿಸುವ ವೀಸಾ ಎಂಬ ಹೆಸರಿನ ದರ್ಜಿ ಕೂಡ ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದ. "ಮನೇಲಿ ಕೂತ್ರೂ ಭಯ, ಇಲ್ಲಿಗೆ ಬಂದ್ರೂ ಭಯ. ಇಲ್ಲಾದ್ರೆ ಜೊತೆಗೆ ಜನ ಇರ್ತಾರಲ್ಲ," ಎಂದ. ಎಲ್ಲರೂ ಬಂದಿದ್ದರು, ರೊಟ್ಟಿ ಮಾತ್ರ ಬಂದಿರಲಿಲ್ಲ. ರೊಟ್ಟಿಯಿಲ್ಲದೆ ಪೂಜೆ ಶುರುವಾಗುವಂತಿಲ್ಲ.

ಬೆತ್ಲೆಹೇಮಿನ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ಮಾಮ ಬೀದಿಯ ತುದಿಗೂ ಕೇಳುವಂತೆ ಕೀರ್ತನೆ ಅರಚುತ್ತಿದ್ದ. ಅಬೂನಾ ಬಾಗಿಲು ತಟ್ಟಿದರು. ಕೀರ್ತನೆ ಇನ್ನೂ ಜೋರಾಯಿತು.

"ಬನೂಬ್! ನಾನಯ್ಯಾ, ಅಬೂನಾ!"

"ಹಾಗಂತ ಯಾರು ಬೇಕಾದ್ರೂ ಹೇಳಬಹುದು! ನಿಜವಾದ ಅಬೂನಾ ಆದ್ರೆ ಹೇಳಿ, ಹೋದ ವಾರ ನನ್ನ ರೊಟ್ಟಿ ನೋಡಿ ಏನಂದ್ರಿ?"

"ಇದು ಕುರ್ಬಾನೋ ಎಮ್ಮೆಯ ಗೊರಸೋ ಅಂದೆ!"

"ಹೌದು, ಅವರೇ," ಎಂಬ ನೊಂದ ದನಿ ಒಳಗಿನಿಂದ ಕೇಳಿತು. ಆಮೇಲೆ ಬಾಗಿಲಿಗೆ ಅಡ್ಡವಿಟ್ಟಿದ್ದ ಹಿಟ್ಟಿನ ಮೂಟೆಗಳನ್ನು ಎಳೆಯುವ ಸದ್ದು. ಒಂದು, ಎರಡು, ಐದು ಮೂಟೆ. ಗೇಟಿನಲ್ಲಿ ಕಾವಲಿದ್ದ ಹವಾಲ್ದಾರ ಬಂದೂಕು ಹಿಡಿದು ಓಡಿಬಂದ. "ಒಳಗಿರೋನು ಕೈ ಮೇಲೆತ್ತು!"

"ಕೈ ಎತ್ತಿದ್ರೆ ಅಗುಳಿ ನಿಮ್ಮಪ್ಪ ತೆಗೀತಾನಾ?"

ಬಾಗಿಲು ತೆರೆಯಿತು. ಅಡಿಯಿಂದ ಮುಡಿಯವರೆಗೆ ಹಿಟ್ಟು ಮೆತ್ತಿಕೊಂಡ ಮಾಮ, ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮೂರು ರೊಟ್ಟಿ. ಅವನು ತಲೆಯೆತ್ತಿ ಅಂಗಳ ನೋಡಿದ. ಅವನ ಗಲ್ಲದ ಹಿಟ್ಟಿನ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಅಬೂನಾ, ದೇವರು ಇಷ್ಟು ಜನರನ್ನ ಕಳಿಸಿದ್ದಾನೆ. ನಾನು ಮೂರೇ ಬೇಯಿಸಿದೀನಿ."

"ಪೀಠಕ್ಕೆ ಒಂದು ಸಾಕಯ್ಯಾ. ಚೂರುಚೂರು ಮಾಡಿದ್ರೆ ಎಲ್ಲರಿಗೂ ಸಿಗುತ್ತೆ."

"ಅದು ನಿಮ್ಮ ಕೆಲಸ. ಬರಿಗೈಲಿ ಮನೆಗೆ ಕಳಿಸಿದ್ರೆ ಮಾನ ಹೋಗೋದು ನನ್ನದು!"

ಬುಟ್ಟಿಯನ್ನು ಅಬೂನಾ ಕೈಗಿತ್ತು ಒಳಗೆ ಓಡಿದ. ಹೆಂಗಸರ ಕಡೆ ನಿಂತಿದ್ದ ಇನ್ಸಾಫ್ ಅತ್ತೆ ಮನೆಗೆ ಓಡಿ, ಹಿಟ್ಟು ಬೇಗ ಉಬ್ಬಲೆಂದು ಅಲ್ಲಿದ್ದ ಹುಳಿಹಿಟ್ಟನ್ನೆಲ್ಲ ತಂದುಕೊಟ್ಟಳು. ನಮ್ಮ ಪೂಜೆ ಮೂರು ಗಂಟೆಗೆ ಕಡಿಮೆಯಿಲ್ಲದಂತೆ ಎಳೆಯುತ್ತದೆ. ಅವತ್ತು ಮೊದಲ ಬಾರಿಗೆ ಅದು ಉಪಯೋಗಕ್ಕೆ ಬಂತು.

ನಡುವೆ ನಾನು ನೀರು ಕೊಡುವ ನೆಪದಲ್ಲಿ ಅತ್ತ ಹೋದೆ. ಬೆತ್ಲೆಹೇಮಿನ ಬಾಗಿಲು ಹಾರುಹೊಡೆದಿತ್ತು. ಹವಾಲ್ದಾರ ಗೋಗರೆಯುತ್ತಿದ್ದ. "ಯಜಮಾನ್ರೇ, ಬಾಗಿಲು ಹಾಕ್ಕೊಳ್ಳಿ, ಮೇಲಿಂದ ಆರ್ಡರ್ ಇದೆ."

"ಹಾಕಿದ್ರೆ ಎಷ್ಟು ಜನ ಬಂದ್ರು ಅಂತ ಹೇಗಪ್ಪಾ ಎಣಿಸಲಿ? ನಿಂಗೂ ಒಂದು ಸೇರಿಸಿದೀನಿ, ಅತ್ತ ಸರಿ, ಬೆಳಕು ಬಿಡು."

ಅವನು ಒತ್ತುತ್ತಿದ್ದ ಶಿಲುಬೆಗಳೆಲ್ಲ ಸೊಟ್ಟಗೆ ಬೀಳುತ್ತಿದ್ದವು.

"ಭಯ ಹೋಯ್ತಾ ಮಾಮ?"

"ಎಲ್ಲಿ ಹೋಗುತ್ತೆ? ಇಲ್ಲೇ ಇದೆ," ಎಂದ, ಹೊಸ ಉಂಡೆಯೊಂದನ್ನು ಹಲಗೆಗೆ ಬಡಿಯುತ್ತಾ. "ದೇವರೂ ಇಲ್ಲೇ ಇದ್ದಾನಲ್ಲ. ಬಾ, ನಿಂತು ನೋಡಬೇಡ, ತೂತು ಚುಚ್ಚು. ಐದೇ!"