ಮೈನಸ್ ಎರಡು ಚೇಳು

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನನಗೆ ಎಂಬತ್ತರ ದಶಕದಲ್ಲಿ ಸಿಕ್ಕ ಮೊದಲ ಘನಕಾರ್ಯವೆಂದರೆ ಚೇಳು ಕಡಿಸಿಕೊಂಡವರನ್ನು ಎಣಿಸುವುದು. ಹುನಗುಂದದ ಹತ್ತಿರದ ಒಂದು ಸಣ್ಣ ದವಾಖಾನೆಯಲ್ಲಿ ಕೂತು, ಹಳೆಯ ರಿಜಿಸ್ಟರಿನಿಂದ ವಾರಕ್ಕೆಷ್ಟು ಮಂದಿ ಬಂದರೆಂದು ತೆಗೆದು, ಮುಂದಿನ ವಾರ ಎಷ್ಟು ಮಂದಿ ಬರುತ್ತಾರೆಂದು ನಾನು ಹೇಳಬೇಕು. ಅದರಂತೆ ಇಂಜೆಕ್ಷನ್ ತರಿಸುತ್ತಾರೆ. ಚೇಳುಗಳಿಗೂ ಒಂದು ಸುತ್ತೋಲೆ ಕಳಿಸಿದ್ದರೆ ಕೆಲಸ ಹಗುರಾಗುತ್ತಿತ್ತು.

ಮೊದಲು ಹಳೆಯ ಅಂಕಿಗಳ ಮೇಲೊಂದು ಸರಳರೇಖೆ ಎಳೆದು ಮುಂದಕ್ಕೆ ಚಾಚಿದೆ. ಚಳಿಗಾಲದ ಒಂದು ವಾರಕ್ಕೆ ಮೈನಸ್ ಎರಡು ಎಂಬ ಉತ್ತರ ಬಂತು. ಡಾಕ್ಟರು ಕಾಗದವನ್ನು ತಿರುವಿ ನೋಡಿದರು.

“ಮೈನಸ್ ಎರಡು ಅಂದ್ರ ಏನ್ರಿ? ಇಬ್ಬರು ಬಂದು ಚೇಳಿಗೆ ಕಡದು ಹೋಗ್ತಾರೇನು?”

ಎಣಿಕೆ ಸೊನ್ನೆಗಿಂತ ಕೆಳಗಿಳಿಯದು ಎಂಬ ಮಹಾಸತ್ಯ ನನಗೆ ಆಗ ನೆನಪಾಯಿತು. ರೇಖೆ ಬಿಟ್ಟು ಪಾಯ್ಸಾನ್ ಸೂತ್ರ ಹಿಡಿದೆ. ಅದು ಎಣಿಕೆಗೆಂದೇ ಇರುವುದು, ಮೈನಸ್ಸಿಗೆ ಹೋಗುವುದಿಲ್ಲ. ಇನ್ನು ಆಯ್ಕೆಗಳ ಸರದಿ. ಹಿಂದಿನ ಒಂದು ವಾರ ನೋಡಿದರೆ ಸಾಕೇ, ನಾಲ್ಕು ಬೇಕೇ? ಹೋದ ವರ್ಷದ ಇದೇ ವಾರವನ್ನೂ ಸೇರಿಸಬೇಕೇ? ಲಾಗ್ ಟೇಬಲ್ ಹಿಡಿದು ಎರಡು ತಿಂಗಳು ಕಳೆದೆ. ಚೇಳುಗಳು ಮಾತ್ರ ನನ್ನ ತೀರ್ಮಾನಕ್ಕೆ ಕಾಯದೆ ಕಡಿಯುತ್ತಲೇ ಇದ್ದವು.

ಅಲ್ಲಿನ ಹಿರಿಯ ನರ್ಸಬಾಯಿ ಒಂದು ದಿನ ಕೇಳಿದರು, “ಏನ್ ಹುಡುಕಾಕತ್ತೀರಿ ಸಾಹೇಬ್ರ?”

“ಹೋದ ವಾರಕ್ಕೂ ಈ ವಾರಕ್ಕೂ ಏನರ ಸಂಬಂಧ ಐತೇನಂತ ನೋಡಾಕತ್ತೇನಿ.”

“ಹೋದ ವಾರದ ಚೇಳು ಈ ವಾರದ ಚೇಳಿಗೆ ಬೀಗರೇನ್ರಿ? ಮಳಿ ಬಿದ್ದು ಬಿಲದಾಗ ನೀರು ಹೊಕ್ರ ಹೊರಗ ಬರ್ತಾವ, ಕಡೀತಾವ. ಅಷ್ಟ.” ಅವರು ರಿಜಿಸ್ಟರಿನ ಕಡೆ ಬಗ್ಗಿದರು. “ಮತ್ತ ಈ ಸೊನ್ನಿ ಅದಾವಲ್ಲ, ಆ ವಾರದಾಗೆಲ್ಲ ಕಂಪೌಂಡರು ಗುಳೇದಗುಡ್ಡಕ್ಕ ಮಾವನ ಮನಿಗೆ ಹೋಗಿದ್ರು. ಬರಿಯಾವ್ರ ಇರಲಿಲ್ಲ.”

ಆ ಸೊನ್ನೆಗಳ ಮೇಲೆ ನಾನು ಮೂರು ಪುಟ ವ್ಯಾಖ್ಯಾನ ಬರೆದಿದ್ದೆ. ಹರಿದು ಹಾಕಿದೆ. ಕಂಪೌಂಡರು ಊರಲ್ಲಿಲ್ಲದ ವಾರಗಳನ್ನು ಲೆಕ್ಕದಿಂದ ಬಿಟ್ಟೆ. ತಹಶೀಲ್ದಾರ ಕಚೇರಿಯಿಂದ ಮಳೆಯ ಅಳತೆ ತಂದು ಸೂತ್ರಕ್ಕೆ ಸೇರಿಸಿದೆ. ಆ ಮುಂಗಾರಿನಲ್ಲಿ ಉತ್ತರ ಹೆಚ್ಚುಕಡಿಮೆ ಸರಿಬಂತು, ಇಂಜೆಕ್ಷನ್ನುಗಳೂ ಸಾಕಾದವು.

ನಾನು ಕಳಿಸಿದ ವರದಿಗೆ ಮೇಲಿನ ಕಚೇರಿಯಿಂದ ನನ್ನ ಹೆಸರಿಗೆ ಮೆಚ್ಚುಗೆಯ ಪತ್ರ ಬಂತು. ಮಳೆಯ ಪ್ರಭಾವವನ್ನು ಗುರುತಿಸಿದ ನನ್ನ ಸೂಕ್ಷ್ಮದೃಷ್ಟಿಯನ್ನು ಅದರಲ್ಲಿ ಕೊಂಡಾಡಿದ್ದರು. ತುಸು ನಾಚುತ್ತಲೇ ಅದನ್ನು ನರ್ಸಬಾಯಿಗೆ ಓದಿ ಹೇಳಿದೆ.

“ಛಲೋ ಆತ್ ಬಿಡ್ರಿ” ಎಂದು ಅವರು ಸಿರಿಂಜು ಕುದಿಸಲು ಹೋದರು.

ವರದಿಯ ನಮೂನೆಯಲ್ಲಿ ಅವರ ಹೆಸರು ಬರೆಯಲು ಜಾಗವಿರಲಿಲ್ಲವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ.